ಸಿಕಲ್ ಸೆಲ್ ಇದ್ದರೆ ಮಲೇರಿಯಾ ಬರಲ್ವಾ?

ತಿತಿಮತಿಯಿಂದ ಒಬ್ಬ ತಾಯಿ:
ನಾವು ಕೊಡಗಿನ ಯರವ ಬುಡಕಟ್ಟಿನವರು, ತೋಟದ ಲೈನ್ ಮನೆಯಲ್ಲಿದ್ದೇವೆ. ಮಗನಿಗೆ 7 ವರ್ಷ. ಮಳೆ ಹಿಡಿದರೆ ಸಾಕು, ಮೊಣಕಾಲು ಅಪ್ಪಿಕೊಂಡು ರಾತ್ರಿಯೆಲ್ಲಾ ಅಳುತ್ತಾನೆ. ಎರಡು ವರ್ಷ ವಾತ ಅಂತ ಸುಮ್ನೆ ಎಣ್ಣೆ ತಿಕ್ಕಿದೆ. ಈಗ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಅಂತ ಗೊತ್ತಾಯಿತು. ನಾನೂ ಗಂಡನೂ ವಾಹಕರಂತೆ. 'ಇದಿದ್ದರೆ ಮಲೇರಿಯಾ ಬರಲ್ಲ, ಸೊಳ್ಳೆ ಪರದೆ ಬೇಡ' ಅಂತಾರೆ ಪಕ್ಕದವರು. ನಿಜವಾ?

ಗೋಣಿಕೊಪ್ಪದ ಲ್ಯಾಬ್ ಟೆಕ್ನೀಷಿಯನ್:
ಅಮ್ಮಾ, ಪರದೆ ಬೇಕೇ ಬೇಕು. 1954ರಲ್ಲಿ ಆಂಥನಿ ಆಲಿಸನ್ ಎಂಬ ವಿಜ್ಞಾನಿ ಪೂರ್ವ ಆಫ್ರಿಕಾದಲ್ಲಿ ಕಂಡುಕೊಂಡಿದ್ದು ವಾಹಕರ ವಿಷಯ. ಅಂದರೆ ನಿಮ್ಮಂಥವರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಸಿಕಲ್ ಜೀನ್ ಬಂದವರಲ್ಲಿ ಫಾಲ್ಸಿಪಾರಂ ಅನ್ನೋ ಅಪಾಯದ ಮಲೇರಿಯಾ ವಿಪರೀತಕ್ಕೆ ಹೋಗುವುದು ಕಡಿಮೆ. ಹಾಗಾಗಿಯೇ ಮಲೇರಿಯಾ ಇದ್ದ ಕಾಡಿನ ಊರುಗಳಲ್ಲಿ ಈ ಜೀನ್ ಉಳಿದುಕೊಂಡಿತು. ಮಗನಿಗೆ ಇಬ್ಬರಿಂದಲೂ ಬಂದಿದೆ. ಅವನಿಗೆ ಮಲೇರಿಯಾ ಬಂದರೆ ಅಪಾಯ ಜಾಸ್ತಿ.

ಮೈಕ್ರೋಸ್ಕೋಪಿನಲ್ಲಿ ನಾನು ದಿನಾ ನೋಡುತ್ತೇನೆ. ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿರುತ್ತದೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಆ ನೋವು. ಚಳಿ ಹತ್ತಿದರೆ, ನೀರು ಕಡಿಮೆಯಾದರೆ ಇನ್ನೂ ಜೋರು.

ಕುಟ್ಟದ ಒಬ್ಬ ತಂದೆ:
ನನ್ನ ಮಗಳಿಗೂ ಇದೇ. ಡಾಕ್ಟರ್ ಹೈಡ್ರಾಕ್ಸಿಯೂರಿಯಾ ಅನ್ನೋ ಔಷಧಿ ಶುರು ಮಾಡಿದ ಮೇಲೆ ನೋವು ಬರುವುದು ಕಡಿಮೆಯಾಗಿದೆ. ಆಗಾಗ ರಕ್ತ ಪರೀಕ್ಷೆ ಮಾತ್ರ ಬಿಡಬಾರದು. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ. ಬೇರೆ ಮಕ್ಕಳಿದ್ದಾರಾ? ಅವರಿಗೂ ಪರೀಕ್ಷೆ ಮಾಡಿಸಿ. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಇರುತ್ತದೆ, ಅಲ್ವಾ.

ತಾಯಿ:
ಇನ್ನೊಬ್ಬಳು ಮಗಳಿದ್ದಾಳೆ, 3 ವರ್ಷ. ಸೋಮವಾರವೇ ಕರೆದೊಯ್ಯುತ್ತೇನೆ. ಪರದೆ ಇವತ್ತೇ ಕಟ್ಟಿದೆ.