ಸ್ಕ್ಯಾನ್ ಸರಿಯಾಗಿಯೇ ಆಗುತ್ತಿದೆ, ಲಾಟ್ ನಂಬರ್ ಹುಡುಕಿದರೆ ಮಾತ್ರ ಸಿಗುತ್ತಿಲ್ಲ

ಜಯನಗರ ಸ್ಟೋರ್ಸ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಜಯನಗರದ ಕಡೆ ಒಂದು ಆಸ್ಪತ್ರೆಯಲ್ಲಿ ಓಟಿ (ಆಪರೇಷನ್ ಥಿಯೇಟರ್) ಮತ್ತು ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಜಾಗ) ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಒಂಬತ್ತು ವರ್ಷ ಆಯಿತು. ಹೋದ ವರ್ಷ ಯುಗಾದಿ ಆದಮೇಲೆ ಬಾರ್‌ಕೋಡ್ ಗನ್ ಬಂತು, ಹೊಸ ಸಾಫ್ಟ್‌ವೇರ್ ಬಂತು. ಬೀಪ್ ಅಂದರೆ ಸಾಕು, ಐಟಂ ಹೆಸರು, ಎಕ್ಸ್‌ಪೈರಿ ಎಲ್ಲ ತಾನಾಗಿಯೇ ತುಂಬಿಕೊಳ್ಳುತ್ತದೆ. ಕೈಯಲ್ಲಿ ಬರೆಯೋ ಕೆಲಸ ತಪ್ಪಿತು ಅಂತ ನನಗೂ ತುಂಬ ಖುಷಿಯಾಗಿತ್ತು.

ಮೊನ್ನೆ ಮಂಗಳವಾರ ಒಂದು ಕಂಪನಿಯಿಂದ ಪತ್ರ ಬಂತು. ಅವರ ಇಂಪ್ಲಾಂಟ್‌ನ (ದೇಹದೊಳಗೆ ಕೂರಿಸುವ ಸಾಧನ) ಒಂದು ಲಾಟ್, ಅಂದರೆ ಒಟ್ಟಿಗೆ ತಯಾರಾದ ಒಂದು ಬ್ಯಾಚ್, ವಾಪಸ್ ತಗೊಳ್ಳುತ್ತಿದ್ದಾರೆ. ಸ್ಟಾಕ್ ಇದ್ದರೆ ತೆಗೆದಿಡಿ, ಯಾರಿಗಾದರೂ ಹಾಕಿದ್ದರೆ ತಿಳಿಸಿ ಅಂತ. ಕಂಪ್ಯೂಟರ್‌ನಲ್ಲಿ ಆ ಲಾಟ್ ಹಾಕಿ ನೋಡಿದೆ. ದಾಖಲೆ ಇಲ್ಲ ಅಂತ ಬಂತು. ಸರಿ, ನಮ್ಮಲ್ಲಿಗೆ ಬಂದಿಲ್ಲ ಅಂತ ಉತ್ತರ ಬರೆದು ಸಹಿಗೆ ಕಳಿಸಿಬಿಟ್ಟೆ.

ಊಟಕ್ಕೆ ಕೂತರೂ ಮನಸ್ಸು ತಡೆಯಲಿಲ್ಲ. ನಮ್ಮ ಓಟಿ ಸಿಸ್ಟರ್ ಒಬ್ಬರು ಗನ್ ಬಂದಮೇಲೂ ಸ್ಟಿಕ್ಕರ್ ಅಂಟಿಸೋದು ಬಿಟ್ಟಿಲ್ಲ. ಕೆಂಪು ಬೈಂಡಿನ ದೊಡ್ಡ ಪುಸ್ತಕ, ಅಂಟಿಸಿ ಅಂಟಿಸಿ ಎರಡರಷ್ಟು ದಪ್ಪ ಆಗಿದೆ. ಅದನ್ನು ಒಂದೊಂದೇ ಹಾಳೆ ತಿರುಗಿಸಿದೆ. ಅದೇ ಲಾಟ್, ಮೂರು ಸ್ಟಿಕ್ಕರ್. ಮೂರು ಪೇಷಂಟ್. ಅದರಲ್ಲಿ ಒಬ್ಬರು ಕನಕಪುರ ಕಡೆಯ ಅಜ್ಜಿ, ಡಿಸ್ಚಾರ್ಜ್ ದಿನ ಸ್ಟೋರ್ಸ್ ಬಾಗಿಲಿಗೆ ಬಂದು ಹೇಳಿ ಹೋಗಿದ್ದರು. ಓಡಿಹೋಗಿ ಸಹಿಗೆ ಇಟ್ಟಿದ್ದ ಕಾಗದ ವಾಪಸ್ ತಂದೆ.

ಆ ಮೂರೂ ಸ್ಕ್ಯಾನ್ ಆಗಿವೆ. ಆದರೆ ಸ್ಟಿಕ್ಕರ್ ಮೇಲೆ ಲಾಟ್ 4721835, ಸೀರಿಯಲ್ 0457 ಅಂತಿದ್ದರೆ, ಕಂಪ್ಯೂಟರ್‌ನಲ್ಲಿ ಲಾಟ್ 4721835210457 ಅಂತಿದೆ. ಸೀರಿಯಲ್ ಕಾಲಂ ಖಾಲಿ. ನಂಬರ್ ಬದಲಿಸಿ ಬರೆದಿದ್ದೇನೆ, ಆದರೆ ಆಗಿರೋದು ಹೀಗೇ. ಸಾಫ್ಟ್‌ವೇರ್‌ನವರು ಗನ್ ಸರಿ ಇಲ್ಲ ಅಂತಾರೆ. ಗನ್ ಕೊಟ್ಟವರು ಚೆನ್ನಾಗಿ ಓದುತ್ತಿದೆಯಲ್ಲ ಅಂತಾರೆ. ತಪ್ಪು ಎಲ್ಲಿದೆ? ಇನ್ನೆಷ್ಟು ದಾಖಲೆ ಹೀಗಿದೆಯೋ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ.

ಯಲಹಂಕ ಬಯೋಮೆಡಿಕಲ್:

ಮೇಡಂ, ಮೊದಲು ಒಂದು ಕೆಲಸ ಮಾಡಿ. ಪೂರ್ತಿ ನಂಬರ್ ಹೊಂದಬೇಕು ಅಂತ ಹುಡುಕಬೇಡಿ. "ಈ ಅಂಕಿಗಳಿಂದ ಶುರುವಾಗುವುದು" ಅಂತ ಹುಡುಕಿ. ಅಂಟಿಕೊಂಡಿರೋ ದಾಖಲೆಗಳೂ ಸಿಗುತ್ತವೆ. ಕೆಲವು ಲೇಬಲ್‌ಗಳಲ್ಲಿ ಸೀರಿಯಲ್ ಮೊದಲು, ಲಾಟ್ ಆಮೇಲೆ ಇರುತ್ತದೆ. ಆಗ ಲಾಟ್ ಹೋಗಿ ಸೀರಿಯಲ್ ಕಾಲಂನ ಬಾಲದಲ್ಲಿ ಕೂತಿರುತ್ತದೆ. ಅಲ್ಲೂ ನೋಡಿ.

ಕಾರಣ ಇದು. ಜಿಎಸ್1 ಅನ್ನೋದು ಪ್ರಪಂಚದಾದ್ಯಂತ ಬಳಸುವ ಒಂದು ಬಾರ್‌ಕೋಡ್ ಪದ್ಧತಿ. ಅದರಲ್ಲಿ ಪ್ರತಿ ಮಾಹಿತಿಯ ಮುಂದೆ ಒಂದು ಗುರುತಿನ ಅಂಕಿ ಇರುತ್ತದೆ. 01 ಅಂದರೆ ಐಟಂ ನಂಬರ್, ಯಾವಾಗಲೂ 14 ಅಂಕಿ. 17 ಅಂದರೆ ಎಕ್ಸ್‌ಪೈರಿ, 6 ಅಂಕಿ. ಇವುಗಳ ಉದ್ದ ಗೊತ್ತಿರೋದರಿಂದ ತೊಂದರೆ ಇಲ್ಲ. ಲಾಟ್‌ಗೆ 10, ಸೀರಿಯಲ್‌ಗೆ 21. ಇವೆರಡರ ಉದ್ದ ಮಾತ್ರ ಒಂದೇ ತರ ಇರಲ್ಲ, 20 ಅಕ್ಷರದವರೆಗೆ ಎಷ್ಟಾದರೂ ಇರಬಹುದು. ಲಾಟ್ ಇಲ್ಲಿಗೆ ಮುಗಿಯಿತು ಅಂತ ಹೇಳೋಕೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಗನ್ ಕೀಬೋರ್ಡ್ ತರಾನೇ ಟೈಪ್ ಮಾಡುತ್ತದೆ ಅಲ್ವಾ? ಕೀಬೋರ್ಡ್‌ನಲ್ಲಿ ಆ ಗುರುತಿಗೆ ಅಂತ ಕೀ ಇಲ್ಲ. ಸುಮ್ನೆ ಬಿದ್ದುಹೋಗುತ್ತದೆ. ನಿಮ್ಮ ನಂಬರ್ ನಡುವಿನ 21 ನೋಡಿ, ಅದೇ ಸೀರಿಯಲ್‌ನ ತಲೆ.

ಗನ್ ಜೊತೆ ಬಂದ ಪುಸ್ತಕದಲ್ಲಿ ಸೆಟ್ಟಿಂಗ್‌ಗೆ ಅಂತಲೇ ಬಾರ್‌ಕೋಡ್‌ಗಳಿರುತ್ತವೆ. ಆ ಗುರುತಿನ ಬದಲು ಒಂದು ಅಡ್ಡಗೆರೆಯನ್ನೋ ಬೇರೆ ಯಾವುದಾದರೂ ಚಿಹ್ನೆಯನ್ನೋ ಕಳಿಸುವ ಹಾಗೆ ಮಾಡಿ. ಅದನ್ನು ನೋಡಿ ಕತ್ತರಿಸೋಕೆ ಸಾಫ್ಟ್‌ವೇರ್‌ನವರಿಗೆ ಹೇಳಿ. ಇಬ್ಬರನ್ನೂ ಒಂದೇ ದಿನ ಕರೆಸಿ, ಇಲ್ಲದಿದ್ದರೆ ಇದು ಮುಗಿಯಲ್ಲ.

ಕೋರಮಂಗಲ ಕೋಡರ್:

ಸರ್ ಹೇಳಿದ್ದು ಸರಿ. ಒಂದು ಎಚ್ಚರಿಕೆ. "21 ಕಂಡಲ್ಲಿ ಕತ್ತರಿಸುತ್ತೇವೆ, ಹಳೇ ದಾಖಲೆ ಎಲ್ಲ ಸರಿಯಾಗುತ್ತದೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಿಮ್ಮ ಲಾಟ್ ಒಳಗೇ ಒಂದು 21 ಇದೆ. ಹಾಗೆ ಕತ್ತರಿಸಿದರೆ ಲಾಟ್ 47, ಸೀರಿಯಲ್ 835210457 ಆಗುತ್ತದೆ. ಆಮೇಲೆ ಯಾವ ಹುಡುಕಾಟಕ್ಕೂ ಸಿಗಲ್ಲ. ಎಕ್ಸ್‌ಪೈರಿಯನ್ನೂ ಒಮ್ಮೆ ನೋಡಿ. 280300 ಅಂದರೆ 2028ರ ಮಾರ್ಚ್ ಕೊನೆಯ ದಿನ. ಕೊನೆಯ 00 ಅರ್ಥವಾಗದೆ ಕೆಲವು ಸಾಫ್ಟ್‌ವೇರ್ ತಾರೀಕನ್ನೇ ಖಾಲಿ ಬಿಡುತ್ತವೆ. ಪ್ಲಸ್ ಚಿಹ್ನೆಯಿಂದ ಶುರುವಾಗುವ ಕೋಡ್ ಬಂದರೆ ಅದು ಎಚ್‌ಐಬಿಸಿ ಅನ್ನೋ ಇನ್ನೊಂದು ಬಾರ್‌ಕೋಡ್ ಪದ್ಧತಿ, ಅದರ ಲೆಕ್ಕವೇ ಬೇರೆ.

ರಾಜಾಜಿನಗರ ಓಟಿ ಸಿಸ್ಟರ್:

ಆ ಸಿಸ್ಟರ್‌ಗೆ ನನ್ನ ನಮಸ್ಕಾರ ಹೇಳಿ ಮೇಡಂ. ದಯವಿಟ್ಟು ಆ ಪುಸ್ತಕ ನಿಲ್ಲಿಸಬೇಡಿ. 2010ರಲ್ಲಿ ಒಂದು ಕಂಪನಿಯ ಕೃತಕ ಸೊಂಟದ ಕೀಲನ್ನು ಪ್ರಪಂಚದಾದ್ಯಂತ ವಾಪಸ್ ತಗೊಂಡರು. ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡ ಎಷ್ಟೋ ಜನರನ್ನು ಹುಡುಕೋಕೇ ಆಗಲಿಲ್ಲ. ಸ್ಟೆಂಟ್‌ಗೆ ಬೆಲೆ ಮಿತಿ ಬಂದಿದ್ದು 2017ರ ಫೆಬ್ರವರಿಯಲ್ಲಿ. ಆಗ ಬಿಲ್‌ನಲ್ಲೇ ಬ್ರ್ಯಾಂಡ್, ಬ್ಯಾಚ್ ನಂಬರ್ ಬರೆಯಬೇಕು ಅಂತಲೂ ಹೇಳಿದರು. ಅಲ್ಲಿಂದ ನಮ್ಮಲ್ಲಿ ಒಂದು ಸ್ಟಿಕ್ಕರ್ ಕೇಸ್ ಶೀಟ್‌ಗೆ, ಒಂದು ಬಿಲ್ಲಿಗೆ, ಒಂದು ಪೇಷಂಟ್ ಕೈಗೆ.

ನಾವು ಪ್ಯಾಕ್ ಒಡೆಯೋಕೆ ಮೊದಲೇ ಸ್ಕ್ಯಾನ್ ಮಾಡುತ್ತೇವೆ. ಗನ್ ಹಿಡಿಯೋದು ಸ್ಟೆರೈಲ್ ಗೌನ್, ಗ್ಲೌಸ್ ಹಾಕದೆ ಟೇಬಲ್‌ನಿಂದ ದೂರ ಇರುವ ಸಿಸ್ಟರ್. ಪರದೆಯಲ್ಲಿ ಬಂದ ಲಾಟ್ ಅವರು ಜೋರಾಗಿ ಓದುತ್ತಾರೆ, ಟೇಬಲ್ ಹತ್ತಿರ ಇರುವವರು ಪ್ಯಾಕ್ ಮೇಲೆ ನೋಡಿ "ಸರಿ" ಅನ್ನುತ್ತಾರೆ. ನಿಮ್ಮದು ಆಗ ಮೊದಲ ದಿನವೇ ಗೊತ್ತಾಗುತ್ತಿತ್ತು. ಒಡೆದು ಬಳಸದೆ ಉಳಿದದ್ದನ್ನೂ ಬಿಡಬೇಡಿ, ಕಂಪ್ಯೂಟರ್‌ನಲ್ಲಿ ವೇಸ್ಟ್ ಅಂತ ನಮೂದಿಸಿ. ಇಲ್ಲದಿದ್ದರೆ ಅದು ಪೇಷಂಟ್ ಒಳಗೇ ಇದೆ ಅಂತ ಲೆಕ್ಕವಾಗುತ್ತದೆ.

ಜಯನಗರ ಸ್ಟೋರ್ಸ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಇಬ್ಬರನ್ನೂ ಕರೆಸಿದ್ದೆ. ಮೊದಲು ನೋಟ್‌ಪ್ಯಾಡ್ ತೆಗೆದು ಸ್ಕ್ಯಾನ್ ಮಾಡಿದೆವು. ಸೆಟ್ಟಿಂಗ್ ಬದಲಿಸಿದಮೇಲೆ ಲಾಟ್ ಮುಗಿದ ಜಾಗದಲ್ಲಿ ಅಡ್ಡಗೆರೆ ಬಂತು. ನನ್ನ ಕಣ್ಣಾರೆ ನೋಡಿದೆ. ಆಮೇಲೆ ಇನ್ನೊಂದು ಸಿಕ್ಕಿತು. ಬಿಲ್ಲಿಂಗ್ ಕೌಂಟರ್‌ನಲ್ಲಿ ಕನ್ನಡ ಅರ್ಜಿ ಟೈಪ್ ಮಾಡೋಕೆ ನುಡಿ ಹಾಕಿದ್ದಾರೆ. ಅದು ಆನ್ ಇದ್ದಾಗ ಸ್ಕ್ಯಾನ್ ಮಾಡಿದರೆ ಲಾಟ್‌ನ ಇಂಗ್ಲಿಷ್ ಅಕ್ಷರಗಳು ಕನ್ನಡ ಅಕ್ಷರಗಳಾಗಿ ಬೀಳುತ್ತವೆ! ಅಂಥ ಒಂಬತ್ತು ದಾಖಲೆ ಸಿಕ್ಕವು. ಆ ಕೌಂಟರ್‌ನಿಂದ ಗನ್ ತೆಗೆಸಿದೆ.

"ಶುರುವಾಗುವುದು" ಅಂತ ಹುಡುಕಿದಾಗ ಆ ಮೂರರ ಜೊತೆ ನಾಲ್ಕನೆಯದೂ ಸಿಕ್ಕಿತು. ಅವತ್ತು ಸಿಸ್ಟರ್ ರಜೆ, ಪುಸ್ತಕದಲ್ಲಿ ಇರಲಿಲ್ಲ. ನಾಲ್ವರಿಗೂ ಡಾಕ್ಟರೇ ಫೋನ್ ಮಾಡಿದರು. ಅಜ್ಜಿಯ ಮಗ ಸೋಮವಾರ ಕರೆದುಕೊಂಡು ಬರುತ್ತೇನೆ ಅಂದರು. ಹಳೇ ದಾಖಲೆಗಳನ್ನು ಪುಸ್ತಕ ಎದುರಿಗಿಟ್ಟುಕೊಂಡು ನಾನೂ ಸಿಸ್ಟರೂ ದಿನಾ ಸಂಜೆ ಒಂದು ಗಂಟೆ ತಿದ್ದುತ್ತಿದ್ದೇವೆ. ಶ್ರಾವಣದವರೆಗೆ ಬಂದಿದ್ದೇವೆ.