ಪದಚರ್ಚೆ: 'ಸ್ವೆಟ್ ಬೀ' ಬೆವರುನೊಣವೇ, ಬೆವರುಜೇನೇ?

ಪ್ರಶ್ನೆ: ನೆಲದಲ್ಲಿ ಬಿಲ ತೋಡುವ ಸಣ್ಣ 'ಸ್ವೆಟ್ ಬೀ'ಗಳ (ಹ್ಯಾಲಿಕ್ಟಿಡೇ ಕುಟುಂಬ) ಬಗೆಗಿನ ಬರಹವೊಂದು ಕನ್ನಡಕ್ಕೆ ಬರುತ್ತಿದೆ. 'ಬೆವರುನೊಣ' ಎಂದರೆ ಸಾಕೇ? ಗೂಡಿನ 'ಸೆಲ್', ಅದರ ಒಳಲೇಪ, ಮರಿಗೆಂದು ಇಡುವ 'ಪ್ರಾವಿಷನ್', ರೈತರು ಮಾಡುವ 'ಬೀ ಬೆಡ್', ಇವಕ್ಕೆ ಯಾವ ಪದ?

ಉತ್ತರ 1: ಬೆವರುನೊಣ ಬೇಡ. ಬೆವರಿದ ಮೈಗೆ ಮುತ್ತುವ ನೊಣ, ನೊರಜುಗಳು ಬೇರೆಯೇ ಇವೆ, ಓದುಗರಿಗೆ ಅವೇ ನೆನಪಾಗುತ್ತವೆ. ನೊಣಕ್ಕೆ ಎರಡು ರೆಕ್ಕೆ, ಮೋಟು ಮೀಸೆ. ಈ ಹುಳಕ್ಕೆ ನಾಲ್ಕು ರೆಕ್ಕೆ, ಉದ್ದ ಮೀಸೆ, ಹೆಣ್ಣಾದರೆ ಕೊಂಡಿ. 'ಬೆವರುಜೇನು' ವಾಸಿ. ತುಪ್ಪ ಕೂಡಿಡದ ಹುಳ ಜೇನು ಹೇಗಾದೀತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆದರೆ 'ಜೇನು ಎದ್ದಿದೆ' ಎಂದಾಗ ಜನ ಓಡುವುದು ತುಪ್ಪಕ್ಕೆ ಹೆದರಿ ಅಲ್ಲವಲ್ಲ! 'ನೆಲಜೇನು' ಕಿವಿಗೆ ಇಂಪು, ನಿಜ. ಆದರೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನೂ ಹುತ್ತದೊಳಗೆ ಗೂಡು ಕಟ್ಟುತ್ತದೆ, ಗೊಂದಲವಾದೀತು. ಮುಜಂಟಿ ಎಂಬ ಪುಟ್ಟ ಜೇನೂ ಬೆವರು ನೆಕ್ಕಲು ಬರುವುದುಂಟು, ಅದಕ್ಕೆ ಕುಟುಕುವ ಕೊಂಡಿಯಿಲ್ಲ ಎಂದು ಒಂದು ಸಾಲು ಸೇರಿಸಿ.

'ಎರಿ', 'ಮೇಣ' ಎರಡನ್ನೂ ಕೈಬಿಡಿ. ಇಲ್ಲಿ ಮೇಣವೇ ಇಲ್ಲ. ಹೆಣ್ಣು ಗಟ್ಟಿ ನೆಲದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಸುರಂಗ ಕೊರೆದು, ಮಣ್ಣನ್ನು ಬಾಯಿಯ ಸುತ್ತ ಗುಪ್ಪೆ ಹಾಕುತ್ತದೆ. ಸುರಂಗದಿಂದ ಕವಲೊಡೆದ ಪುಟ್ಟ ಪೊಳ್ಳುಗಳೇ 'ಸೆಲ್', 'ಮರಿಗೋಣೆ' ಎನ್ನಿ. ಜೇನುಕೃಷಿಕರ 'ಸಂಸಾರ ಕೋಣೆ' ಪೆಟ್ಟಿಗೆಯ ಇಡೀ ಅಂತಸ್ತು, ಅದನ್ನು ಇಲ್ಲಿಗೆ ತರಬೇಡಿ. ಕೋಣೆಯ ಗೋಡೆಯನ್ನು ಹೆಣ್ಣು ನುಣ್ಣಗೆ ತಟ್ಟಿ, ಹೊಟ್ಟೆಯ ತುದಿಯ ಗ್ರಂಥಿಯಿಂದ ಒಸರುವ ದ್ರವವನ್ನು ಬಳಿಯುತ್ತದೆ. ನಮ್ಮಲ್ಲಿ 'ಸಾರಣೆ' ಎಂಬ ಮಾತೇ ಇದೆ. ಸಾರಣೆ ಕೆಟ್ಟರೆ ತೇವ ಒಳನುಗ್ಗಿ, ಪರಾಗಕ್ಕೆ ಬೂಸ್ಟು ಹಿಡಿದು ಮರಿ ಸಾಯುತ್ತದೆ.

'ಪ್ರಾವಿಷನ್'ಗೆ 'ಬುತ್ತಿ' ಎನ್ನದೆ ಬೇರೇನು ಎನ್ನುವುದು? ತುಡುವೆಯ ಆಳುಗಳು ಮರಿಗೆ ದಿನವೂ ತುತ್ತಿಡುತ್ತವೆ. ಬೆವರುಜೇನು ಹಾಗಲ್ಲ: ಪರಾಗವನ್ನು ಮಕರಂದದಲ್ಲಿ ಕಲಸಿ ಒಂದೇ ಉಂಡೆ ಕಟ್ಟಿ, ಮೇಲೊಂದು ಮೊಟ್ಟೆಯಿಟ್ಟು, ಕೋಣೆಯ ಬಾಯಿ ಮುಚ್ಚುತ್ತದೆ. ಮರಿ ಬೆಳೆದು ಮುಗಿಯುವವರೆಗೆ ಅಷ್ಟೇ ಊಟ. 'ಮಾಸ್ ಪ್ರಾವಿಷನಿಂಗ್', 'ಪ್ರೊಗ್ರೆಸಿವ್ ಪ್ರಾವಿಷನಿಂಗ್' ಎಂದು ಪಠ್ಯಪುಸ್ತಕಗಳು ಎಳೆದಾಡುವುದನ್ನು ಬುತ್ತಿ, ತುತ್ತು ಎರಡೇ ಪದ ಹೇಳಿಬಿಡುತ್ತವೆ. ಅಂದಹಾಗೆ 'ಪರಾಗಬುಟ್ಟಿ'ಯೂ ತುಡುವೆ, ಹೆಜ್ಜೇನುಗಳದ್ದು. ಇದು ಕಾಲಿನ ರೋಮದಲ್ಲಿ ಪರಾಗ ಹೊರುತ್ತದೆ, 'ಪರಾಗಕುಂಚ' ಎನ್ನಿ.

'ಬೀ ಬೆಡ್' ಹಾಸಿಗೆಯಲ್ಲ, ಮಡಿ: ಈ ಹುಳಗಳು ಬಿಲ ತೋಡಲೆಂದು ಹದಮಾಡಿಟ್ಟ ನೆಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಲೂಸರ್ನ್ ಬೀಜ ಬೆಳೆಯುವವರು ನೋಮಿಯಾ ಮೆಲಾಂಡೆರಿ ಎಂಬ ಬೆವರುಜೇನಿಗಾಗಿ ಇಂಥ ಮಡಿ ಇಡುತ್ತಾರೆ. ಅಡಿಯಿಂದ ನೀರುಣಿಸಿ ಮೇಲೆ ಉಪ್ಪು ಹಾಕುತ್ತಾರೆ; ಉಪ್ಪು ತೇವ ಆರದಂತೆ ಹಿಡಿಯುತ್ತದೆ, ಕಳೆಯನ್ನೂ ತಡೆಯುತ್ತದೆ. ಬಯಲಾದ ನೆಲವೇ ಇವಕ್ಕೆ ಬೇಕಾದದ್ದು, ಪ್ಲಾಸ್ಟಿಕ್ ಹೊದಿಕೆ ಹಾಸಿದರೆ ಬಾಗಿಲೇ ಮುಚ್ಚಿಹೋಗುತ್ತದೆ. ಆಳವಾಗಿ ಉತ್ತರೂ ಮರಿಗೋಣೆಗಳು ಒಡೆಯುತ್ತವೆ.

ಉತ್ತರ 2: ಮೇಲಿನದಕ್ಕೆ ಒಪ್ಪಿಗೆ. 'ರಾಣಿ' ಪದದ ಬಗ್ಗೆ ಮಾತ್ರ ಎಚ್ಚರ ಬೇಕು. ಹ್ಯಾಲಿಕ್ಟಸ್ ರುಬಿಕುಂಡಸ್ ಎಂಬ ಬೆವರುಜೇನು ಬೆಚ್ಚನೆಯ ಕಡೆ ಮೊದಲ ಸಂತಾನದ ಹೆಣ್ಣುಗಳನ್ನು ಆಳುಗಳಾಗಿಸಿಕೊಂಡು ಸಂಸಾರ ಹೂಡುತ್ತದೆ. ಚಳಿಯ ಕಡೆ ಒಂಟಿ. ಬ್ರಿಟನ್ನಿನ ಉತ್ತರದವನ್ನು ದಕ್ಷಿಣಕ್ಕೆ ತಂದು ಬಿಟ್ಟಾಗ ಕೆಲವು ಅಲ್ಲಿಯೂ ಸಂಸಾರ ಹೂಡಿದವು. ಆಳಿಲ್ಲದ ಗೂಡಿನಲ್ಲಿ ರಾಣಿ ಎಲ್ಲಿಂದ ಬಂದಾಳು? ಅಲ್ಲಿ 'ತಾಯಿ' ಎನ್ನಿ. ಬಿಲದ ಬಾಯಿಗೆ ತಲೆ ಅಡ್ಡಕೊಟ್ಟು ಕೂರುವ ಹೆಣ್ಣಿಗೆ 'ಕಾವಲುಜೇನು' ಎಂದರೆ ಸಾಕು. ಆ ಕಾವಲನ್ನು ದಾಟಿ ನುಗ್ಗುವ ಕೆಂಪು ಹೊಟ್ಟೆಯ ಸ್ಫೆಕೋಡೆಸ್ ಎಂಬ ಇದೇ ಕುಟುಂಬದ ಜೇನು ಒಳಗಿನ ಮೊಟ್ಟೆಯನ್ನು ನಾಶಮಾಡಿ ತನ್ನದನ್ನಿಡುತ್ತದೆ. ಅದಕ್ಕೆ 'ಕೋಗಿಲೆ ಜೇನು' ಎನ್ನಬಹುದು. ಬುತ್ತಿ ಕಟ್ಟುವ ಕೆಲಸವೇ ಇಲ್ಲದ ಕಾರಣ ಅದಕ್ಕೆ ಪರಾಗಕುಂಚವೂ ಇಲ್ಲ.