ಸಹಾಯ ಬೇಕು: ಮೊಣಕಾಲು ಆಪರೇಷನ್ ಆದ ವೈಡ್ ರಿಸೀವರ್‌ನನ್ನು ತಗೊಳ್ಳೋದಾ, ಬೇಡ್ವಾ?

ನಮಸ್ಕಾರ. ಮಿನಿಯಾಪೊಲಿಸ್‌ನಲ್ಲಿದ್ದೇನೆ. ಆಫೀಸಿನಲ್ಲಿ ಸುಮ್ನೆ ಮೋಜಿಗೆ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್ ಆಟ ಆಡುತ್ತಿದ್ದೇವೆ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳೋದು. ನನ್ನ ಪಾಲಿಗೆ ವೈಕಿಂಗ್ಸ್ ತಂಡ ಬಂದಿದೆ. ನಾನು ಕಣ್ಣಿಟ್ಟಿರುವ ವೈಡ್ ರಿಸೀವರ್ (ಓಡಿ ಹೋಗಿ ಪಾಸ್ ಹಿಡಿಯುವ ಆಟಗಾರ) ಗಾಳಿ ಥರ ಓಡುತ್ತಾನೆ, ಆದರೆ ಮೊಣಕಾಲಿಗೆ ಆಪರೇಷನ್ ಆಗಿದೆ. ಮೂರು ರಾತ್ರಿ ಕೂತು ಅವನ ಕಾಲೇಜು ಪಂದ್ಯಗಳನ್ನು ನೋಡಿದೆ. ಹಳೇ ಲೆಕ್ಕ ತೆಗೆದರೆ ಗೊಂದಲ ಇನ್ನೂ ಜಾಸ್ತಿ. 1998ರಲ್ಲಿ ರ‍್ಯಾಂಡಿ ಮಾಸ್ ಎಂಬ ವೈಡ್ ರಿಸೀವರ್‌ನ ಸಹವಾಸ ಬೇಡ ಅಂತ ಎಷ್ಟೋ ತಂಡಗಳು ಬಿಟ್ಟವು. ವೈಕಿಂಗ್ಸ್ 21ನೇ ಆಯ್ಕೆಯಲ್ಲಿ ತಗೊಂಡಿತು, ಮೊದಲ ವರ್ಷವೇ 17 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ಗಳಿಸೋದು)! (ನಮ್ಮ ಮ್ಯಾನೇಜರ್ ಇವತ್ತಿಗೂ ಮಾಸ್‌ನ 84ನೇ ನಂಬರಿನ ಜೆರ್ಸಿ ಹಾಕಿಕೊಂಡು ಬರುತ್ತಾರೆ.) 2017ರಲ್ಲಿ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿದ ವೈಡ್ ರಿಸೀವರ್ ಜಾನ್ ರಾಸ್ ಬೆಂಗಾಲ್ಸ್ ತಂಡಕ್ಕೆ 9ನೇ ಆಯ್ಕೆ. ಮೊದಲ ವರ್ಷ ಒಂದು ಕ್ಯಾಚೂ ಇಲ್ಲ.

ಆಟ ಗೊತ್ತಿರುವವರು ಹೇಳಿ: ಇಂಥವನಿಗೆ ಮೊದಲ ಸುತ್ತಿನ ಆಯ್ಕೆ ಖರ್ಚು ಮಾಡಬಹುದಾ, ಎರಡನೇ ಸುತ್ತಿಗೆ ಕಾಯಬೇಕಾ?